ಪೋಲಿಯೋ ಹನಿಗೆ ಯಾರೂ ಕಾರ್ಡ್ ಕೇಳಲಿಲ್ಲ

ಕೋಲಾರದಲ್ಲಿ ಒಂದು ಆಸ್ಪತ್ರೆ ಎದುರು ನನ್ನದು ಜೆರಾಕ್ಸ್ ಅಂಗಡಿ. ಎಷ್ಟೋ ಸಲ ಡಾಕ್ಟರಿಗಿಂತ ಮುಂಚೆ ರೋಗಿಯ ಕಡೆಯವರನ್ನು ನೋಡುವವನು ನಾನೇ.

ಹೋದ ತಿಂಗಳು ಶ್ರೀನಿವಾಸಪುರ ಕಡೆಯ ರೈತರೊಬ್ಬರು ಬಂದರು. ಒಂದೂವರೆ ವರ್ಷದ ಮಗಳಿಗೆ ನ್ಯುಮೋನಿಯಾ. ರೇಷನ್ ಕಾರ್ಡನ್ನು ಗಾಜಿನ ಮೇಲೆ ಇಡುವಾಗ ಕಣ್ಣಿಗೆ ಬಿತ್ತು, ಅದರಲ್ಲಿ ಮಗು ಹೆಸರಿಲ್ಲ. ಅಜ್ಜಿ ಹೆಸರಿದೆ. ‘ನಮ್ಮಮ್ಮ ಹೋಗಿ ಮೂರು ವರ್ಷ ಆಯ್ತಣ್ಣ. ಮಗು ಹೆಸರು ಸೇರಿಸೋಕೆ ನಾಲ್ಕು ಸಲ ಅಲೆದೆ. ಒಂದಿನ ಸರ್ವರ್ ಇಲ್ಲ, ಒಂದಿನ ಸೈಟೇ ಓಪನ್ ಆಗಿಲ್ಲ’ ಅಂದರು.

ಕೌಂಟರಿನಲ್ಲಿ, ಹೆಸರಿಲ್ಲದಿದ್ದರೆ ಸ್ಕೀಮ್ ಇಲ್ಲ ಅಂದರಂತೆ. ಮಂಡಿ ಮಾಲೀಕರ ಹತ್ತಿರ ಹದಿನೆಂಟು ಸಾವಿರ ಸಾಲ ತಂದು ಕಟ್ಟಿದರು. ಮುಂದಿನ ಟೊಮ್ಯಾಟೊದಲ್ಲಿ ಮುರಿದುಕೊಳ್ಳುತ್ತಾರಂತೆ.

ಸ್ಕೀಮ್‌ಗಳಿಗೆ ಕೊರತೆ ಇಲ್ಲ. ಜನನಿ ಶಿಶು ಸುರಕ್ಷಾದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲ ಫ್ರೀ, ಆದರೆ ಮಗುವಿಗೆ ಒಂದು ವರ್ಷ ತುಂಬುವ ತನಕ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ. ಎಪಿಎಲ್ ಆದರೆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದುಡ್ಡಿನಲ್ಲಿ ಶೇ. 30 ಮಾತ್ರ. ಮಗು ಕೆಮ್ಮುತ್ತಾ ಕೂತಿರುತ್ತೆ, ಅಪ್ಪ ತಾನು ಯಾವ ಲೆಕ್ಕಕ್ಕೆ ಸೇರ್ತೀನಿ ಅಂತ ಹುಡುಕಬೇಕು.

ಆ ಲೆಕ್ಕವಾದರೂ ಸರಿ ಇದೆಯಾ? ಬಿಪಿಎಲ್‌ಗೆ ವರ್ಷದ ಆದಾಯ 1.2 ಲಕ್ಷ ದಾಟಬಾರದು. 2023ರಲ್ಲಿ ನಮ್ಮ ಮಾರ್ಕೆಟ್ಟಿನಲ್ಲಿ 15 ಕೆಜಿ ಟೊಮ್ಯಾಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಇನ್ನೊಂದು ವರ್ಷ ಅದೇ ಟೊಮ್ಯಾಟೊ ರಸ್ತೆ ಬದಿಗೆ ಸುರಿದು ಹೋಗ್ತಾರೆ. ಈ ಮನುಷ್ಯ ಬಡವರಾ, ಅಲ್ವಾ? ಯಾವ ತಿಂಗಳು ಕೇಳ್ತೀರಿ ಅನ್ನೋದರ ಮೇಲಿದೆ.

ಪೋಲಿಯೋ ಹನಿ ನೆನಪಿಸಿಕೊಳ್ಳಿ. ಬಸ್ ಸ್ಟ್ಯಾಂಡಿನಲ್ಲಿ, ಜಾತ್ರೆಯಲ್ಲಿ, ಸಿಕ್ಕಿದ ಮಗುವಿಗೆಲ್ಲ ಎರಡು ಹನಿ ಹಾಕಿ ಕಿರುಬೆರಳಿಗೆ ಇಂಕು ಬಳಿದರು. ಯಾರೂ ಕಾರ್ಡ್ ಕೇಳಲಿಲ್ಲ. ಕೇಳಿದ್ದರೆ 2014ರಲ್ಲಿ ದೇಶಕ್ಕೆ ಪೋಲಿಯೋ ಮುಕ್ತ ಅನ್ನೋ ಪ್ರಮಾಣಪತ್ರ ಸಿಗ್ತಿತ್ತಾ? ಶಾಲೆಯ ಬಿಸಿಯೂಟಕ್ಕೂ ತಟ್ಟೆ ಹಿಡಿದರೆ ಸಾಕು. ಮಕ್ಕಳ ಚಿಕಿತ್ಸೆಗೂ ವಯಸ್ಸೊಂದೇ ಅರ್ಹತೆ ಆಗಲಿ ಅನ್ನೋದು ನನ್ನ ವಾದ. ಎಲ್ಲ ಅಮ್ಮಂದಿರ ಬ್ಯಾಗಿನಲ್ಲೂ ತಾಯಿ ಕಾರ್ಡ್ ಇರುತ್ತೆ, ಚುಚ್ಚುಮದ್ದು ಹಾಕಿಸಿದ ತಾರೀಕೂ ಅದರಲ್ಲೇ ಇರುತ್ತೆ. ಅದು ಸಾಲದಾ? (ಇದು ಜಾರಿಗೆ ಬಂದರೆ ನನ್ನ ಅಂಗಡಿಗೇ ಕಲ್ಲು, ಗೊತ್ತು.)

‘ದುಡ್ಡಿರೋರ ಮಕ್ಕಳಿಗೂ ಫ್ರೀ ಯಾಕೆ?’ ಅಂತ ನನ್ನ ಭಾವ ಜಗಳಕ್ಕೆ ನಿಂತರು. ನಿಜ, ಖರ್ಚು ಜಾಸ್ತಿ ಆಗುತ್ತೆ, ಅದು ನಮ್ಮ ತೆರಿಗೆಯಿಂದಲೇ ಬರಬೇಕು. ಅದಕ್ಕೆ ನಾನು ತಯಾರಿದ್ದೇನೆ. ಇನ್ನು ಸಾಹುಕಾರರ ಮಕ್ಕಳು ಬಂದರೆ ಬರಲಿ ಬಿಡಿ. ಅವರೂ ಅದೇ ಕ್ಯೂನಲ್ಲಿ ನಿಂತರೆ ವಾರ್ಡಿನ ಕೆಟ್ಟ ಫ್ಯಾನ್ ಒಂದೇ ದಿನದಲ್ಲಿ ತಿರುಗುತ್ತೆ. ಭಾವ ಇದಕ್ಕೆ ನಕ್ಕರು, ಒಪ್ಪಲಿಲ್ಲ.

ಮೊನ್ನೆ ಆ ರೈತರು ಮತ್ತೆ ಬಂದಿದ್ದರು. ಮಗು ಹೆಗಲ ಮೇಲಿತ್ತು, ಬಗ್ಗಿ ನನ್ನ ಸ್ಟೇಪ್ಲರ್‌ಗೆ ಕೈ ಹಾಕ್ತಿತ್ತು. ಹೆಸರು ಸೇರಿಸೋ ಅರ್ಜಿಗೆ ಜನನ ಪ್ರಮಾಣಪತ್ರದ ಜೆರಾಕ್ಸ್ ಬೇಕಿತ್ತಂತೆ. ದುಡ್ಡು ಬೇಡ ಅಂದೆ. ಕೇಳಲಿಲ್ಲ, ಎರಡು ರೂಪಾಯಿ ಗಾಜಿನ ಮೇಲಿಟ್ಟು ಹೋದರು.