ಆಗಿರೋದು ಒಂದೇ ಪಂದ್ಯ, ಸ್ವಾಮಿ!

ಡಲ್ಲಾಸ್‌ನಲ್ಲಿ ಸೆಪ್ಟೆಂಬರ್ ಬಂದು ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಶುರುವಾಯಿತೆಂದರೆ ಆಫೀಸಿನ ಮೈಕ್ರೋವೇವ್ ಹತ್ತಿರ ಹೋಗೋಕೂ ಭಯ. ನನ್ನ ಬಿಸಿಬೇಳೆಬಾತ್ ಬಿಸಿಯಾಗುವ ಎರಡು ನಿಮಿಷದಲ್ಲಿ ಸಹೋದ್ಯೋಗಿಗಳು ಊರಿನ ತಂಡ ಕೌಬಾಯ್ಸ್‌ನ ಕೋಚ್‌ನನ್ನು ಮನೆಗೆ ಕಳಿಸಿ, ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕನ್ನು ಮಾರಿ, ಸೀಸನ್ನೇ ಮುಗಿಸಿಬಿಟ್ಟಿರುತ್ತಾರೆ. ಇನ್ನೂ 16 ಪಂದ್ಯ ಬಾಕಿ!

2025ರಲ್ಲಿ ಕಾಂಟ್ರ್ಯಾಕ್ಟ್ ಜಗಳವಾಗಿ ಕೌಬಾಯ್ಸ್‌ನ ಸ್ಟಾರ್ ಡಿಫೆಂಡರ್ ಮೈಕಾ ಪಾರ್ಸನ್ಸ್ ಗ್ರೀನ್ ಬೇ ತಂಡಕ್ಕೆ ಹೋದಾಗಲಂತೂ ಕೇಳಲೇಬೇಡಿ. ‘ಅಷ್ಟೊಂದು ದುಡ್ಡು ಯಾಕೆ ಅವನಿಗೆ?’ ಎಂದು ಬೈದವರೇ ಆಮೇಲೆ ‘ಅವನನ್ನು ಯಾಕೆ ಬಿಟ್ಟರು?’ ಎಂದು ಟೇಬಲ್ ಕುಟ್ಟಿದರು. 2023ರಲ್ಲಿ ಕ್ವಾರ್ಟರ್‌ಬ್ಯಾಕ್ ಆರನ್ ರಾಡ್ಜರ್ಸ್ ನ್ಯೂಯಾರ್ಕ್ ಜೆಟ್ಸ್ ತಂಡದ ಪರ ಮೊದಲ ಪಂದ್ಯದ ನಾಲ್ಕನೇ ಸ್ನ್ಯಾಪಿಗೇ (ಚೆಂಡು ಆಟಕ್ಕಿಳಿದ ನಾಲ್ಕನೇ ಸಲಕ್ಕೇ) ಹಿಮ್ಮಡಿಯ ಅಕಿಲೀಸ್ ಸ್ನಾಯುರಜ್ಜು ಹರಿದುಕೊಂಡು ಇಡೀ ಸೀಸನ್ ಕೂತಿದ್ದನ್ನು ಇವರೂ ನೋಡಿದ್ದಾರೆ. ಅಂಥ ದಿನಕ್ಕೇ ಅಲ್ವಾ ಆಟಗಾರರು ಗಾಯವಾದರೂ ಕೈಗೆ ಬರುವ ಗ್ಯಾರಂಟಿ ಹಣ ಕೇಳೋದು?

ಹೇಳಹೋದರೆ, ‘ನೀನು ಸುಮ್ನೆ ಕ್ರಿಕೆಟ್ ನೋಡಪ್ಪ’ ಅನ್ನುತ್ತಾರೆ.