ಉಳದದ್ದ ಎಲ್ಲಿಡ್ಲಿ, ಮಾಸ್ತರ?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ದೇಶದಲ್ಲಿ ಹಿಂದಿ ಮಾತಾಡುವವರ ಸಂಖ್ಯೆ ಏರಿದ್ದರಲ್ಲಿ ನನ್ನದೂ ಒಂದು ಅಳಿಲುಸೇವೆ ಇದೆ. ನನಗೆ ಹಿಂದಿ ಅಷ್ಟಕ್ಕಷ್ಟೇ ಎಂಬುದು ಬೇರೆ ಮಾತು.

2011ರ ಫೆಬ್ರವರಿ. ಮೇಷ್ಟ್ರಿಗೆ ಪಾಠ ಒಂದು ಬಿಟ್ಟು ಉಳಿದೆಲ್ಲ ಕೆಲಸ ಹಚ್ಚುವುದು ನಮ್ಮ ವ್ಯವಸ್ಥೆಯ ಹಳೇ ಪದ್ಧತಿ. ಅದರಂತೆ ನನ್ನ ಹೆಗಲಿಗೂ ಜನಗಣತಿಯ ಚೀಲ ಬಿತ್ತು. ವಿಜಯಪುರ ಆಗಿನ್ನೂ ಬಿಜಾಪುರವಾಗಿತ್ತು. ನನ್ನ ಪಾಲಿಗೆ ಬಂದದ್ದು ಊರಾಚೆಯ ಒಂದು ಲಂಬಾಣಿ ತಾಂಡಾ. ಬೇವಿನ ಗಿಡದ ಕೆಳಗೆ ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬಳು ಕೂತಿದ್ದಳು. ತೋಳಿನ ತನಕ ಬಿಳಿ ಬಳೆ, ಎದೆಯ ಮೇಲೆ ಕನ್ನಡಿ ಹೊಲಿದ ಕಾಂಚಳಿ. ತಾಂಡಾಕ್ಕೆಲ್ಲ ಅವಳು ‘ಯಾಡಿ’, ಅಂದರೆ ಅವ್ವ. ನಾನೂ ಹಾಗೇ ಕರೆದೆ. ಹೆಸರು, ವಯಸ್ಸು, ಧರ್ಮ ಎಲ್ಲ ಸಲೀಸಾಗಿ ಮುಗಿದವು. ಹತ್ತನೇ ಪ್ರಶ್ನೆಗೆ ಬಂದೆವು: ಮಾತೃಭಾಷೆ.

‘ಯಾಡೀ, ನಿಮ್ಮ ಮಾತೃಭಾಷಾ ಯಾವುದು?’

‘ಹಂಗಂದ್ರ?’

ಕೈಪಿಡಿಯಲ್ಲಿ ಅದಕ್ಕೂ ಉತ್ತರವಿತ್ತು. ಬಾಲ್ಯದಲ್ಲಿ ತಾಯಿ ತನ್ನ ಮಗುವಿನೊಡನೆ ಆಡುತ್ತಿದ್ದ ಭಾಷೆಯೇ ಮಾತೃಭಾಷೆ. ‘ಸಣ್ಣಾಕಿ ಇದ್ದಾಗ ನಿಮ್ಮವ್ವ ನಿಮ್ಮ ಕೂಡ ಏನ್ ಮಾತಾಡ್ತಿದ್ಲು?’

‘ಬೈತಿದ್ಲು.’

‘ಅದss, ಯಾವ ಭಾಷಾದಾಗ ಬೈತಿದ್ಲು?’

‘ನಮ್ಮ ಭಾಷಾದಾಗ. ಹೆತ್ತ ಮಗಳಿಗಿ ಮಂದಿ ಭಾಷಾದಾಗ ಯಾರರ ಬೈತಾರೇನು?’

ಭಾಷಾಶಾಸ್ತ್ರದ ಮೇಲೆ ನಾನು ಕೇಳಿದ ಮಾತುಗಳಲ್ಲೆಲ್ಲ ಇದು ಪಕ್ಕಾ. ಆ ಭಾಷೆಗೆ ಅವಳಿಟ್ಟ ಹೆಸರು ಗೋರಮಾಟಿ. ನಾನು ಬರೆದದ್ದು ಲಂಬಾಣಿ. ಹೆಸರು ಬದಲಾಗುವ ಕೆಲಸ ದೆಹಲಿಗೆ ಹೋಗುವ ಮುನ್ನವೇ, ನನ್ನ ಪೆನ್ನಿನ ತುದಿಯಲ್ಲೇ ಶುರುವಾಗಿತ್ತು.

ಹನ್ನೊಂದನೇ ಪ್ರಶ್ನೆ: ಗೊತ್ತಿರುವ ಇತರ ಭಾಷೆಗಳು. ಯಾಡಿ ಬೆರಳು ಮಡಚತೊಡಗಿದಳು. ಕನ್ನಡ ಅಂತೂ ಬಂದೇ ಬರುತ್ತದೆ. ಕಬ್ಬು ಕಡಿಯಲು ಸಾಂಗಲಿ, ಕೊಲ್ಲಾಪುರದ ಕಡೆ ಹೋಗಿ ಹೋಗಿ ಮರಾಠಿ. ಗೋವಾದಲ್ಲಿ ಹತ್ತು ವರ್ಷ ಕಲ್ಲು, ಉಸುಕು ಹೊತ್ತು ಕೊಂಕಣಿ. ಸಂತೆಯಲ್ಲಿ ಬಳೆ ಮಾರುವವರ ಜೊತೆ ಚೌಕಾಸಿಗೆ ದಖನಿ. ಶಾಲೆಯ ಮೆಟ್ಟಿಲು ತುಳಿಯದ ಹೆಂಗಸು ಬೇವಿನ ಗಿಡದ ಕೆಳಗೆ ಕೂತು ನಾಲ್ಕು ಬೆರಳು ಮಡಚಿ ನನ್ನ ಮುಖ ನೋಡಿದಳು. ನಮೂನೆಯಲ್ಲಿ ಇದ್ದದ್ದು ಎರಡು ಭಾಷೆಗೆ ಜಾಗ.

‘ಎರಡss ಬರೀಬೇಕಂತ, ಯಾಡೀ.’

‘ಮತ್ತ ಉಳದದ್ದ ಎಲ್ಲಿಡ್ಲಿ, ಮಾಸ್ತರ?’

ಎರಡಕ್ಕಿಂತ ಹೆಚ್ಚು ಮಕ್ಕಳನ್ನು ಹೆತ್ತವರನ್ನು ನೋಡುವಂತೆ ನಾನು ಅವಳನ್ನು ನೋಡಿದೆ. ಕನ್ನಡ, ಮರಾಠಿ ಬರೆದು ಮುಂದಿನ ಮನೆಗೆ ನಡೆದೆ. ಕೊಂಕಣಿ, ದಖನಿಗಳು ಇಂದಿಗೂ ಆ ಬೇವಿನ ಗಿಡದ ಕೆಳಗೇ ಇರಬೇಕು.

ಏಳು ವರ್ಷ ಕಳೆದು 2018ರಲ್ಲಿ ಭಾಷೆಗಳ ಲೆಕ್ಕ ಹೊರಬಿತ್ತು. ನಮ್ಮಂಥ ಗಣತಿದಾರರು ದೇಶದ ತುಂಬ ಬರೆದುಕೊಂಡು ಬಂದ ಹೆಸರುಗಳು ಒಟ್ಟು 19,569. ಅವೆಲ್ಲ ಬೇರೆ ಬೇರೆ ಭಾಷೆಗಳಲ್ಲ, ನಿಜ. ಒಬ್ಬ ಜಾತಿಯ ಹೆಸರು ಹೇಳಿರುತ್ತಾನೆ, ಇನ್ನೊಬ್ಬ ಊರಿನ ಹೆಸರು. ಒಂದೇ ಹೆಸರನ್ನು ಹತ್ತು ಮೇಷ್ಟ್ರು ಹತ್ತು ಥರ ಬರೆದಿರುತ್ತಾರೆ. ಆದ್ದರಿಂದ ಜರಡಿ ಹಿಡಿಯಬೇಕು, ಹಿಡಿಯಲಿ. ಹಿಡಿದಾಗ ಉಳಿದದ್ದು 1,369 ಮಾತೃಭಾಷೆಗಳು. ಗುರುತು ಸಿಗದ ಇನ್ನೂ 1,474 ಹೆಸರುಗಳನ್ನು ‘ಇತರೆ’ ಎಂಬ ಗೋಣಿಚೀಲಕ್ಕೆ ತುಂಬಿದರು. ಆಮೇಲೆ 10,000 ಜನರಿಲ್ಲದವನ್ನು ಆಚೆ ಸರಿಸಿದರು, ನಿಂತವು 270. ಆ 270ನ್ನು ಮಡಚಿ ಮಡಚಿ 121 ಭಾಷೆಗಳ ಗಂಟು ಕಟ್ಟಿದರು. ಅದರಲ್ಲಿ ಸಂವಿಧಾನದ ಎಂಟನೇ ಅನುಸೂಚಿಯ ಒಳಗೆ ಕುರ್ಚಿ ಸಿಕ್ಕಿರುವುದು 22ಕ್ಕೆ.

ಈ ಸೋಸುವಿಕೆಯ ಸೊಗಸು ಸಮಾರಂಭಗಳಲ್ಲಿ ಗೊತ್ತಾಗುತ್ತದೆ. ‘ನಮ್ಮದು 19,569 ಭಾಷೆಗಳ ದೇಶ’ ಎಂದು ಮೈಕು ಹಿಡಿದವರು ಎದೆ ಸೆಟೆಸಿ ಹೇಳುತ್ತಾರೆ. ಪತ್ರಿಕೆಗಳೂ ಆಗ ಹಾಗೇ ಅಚ್ಚು ಹಾಕಿದ್ದವು. ಹೇಳಿಕೊಳ್ಳುವಾಗ ಸೋಸುವ ಮೊದಲಿನ ಅಂಕಿ, ಕೊಡುವಾಗ ಸೋಸಿದ ಮೇಲಿನ ಅಂಕಿ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಬಂಗಾರದ ತೂಕ ಹೇಳುವ ರೀತಿಗೂ ಇದಕ್ಕೂ ಏನೋ ನಂಟಿದೆ.

ನಮ್ಮ ಯಾಡಿ ಏನಾದಳು ಎಂದು ಹುಡುಕಿದೆ. ಸಿಕ್ಕಳು. ‘ಲಮಾಣಿ/ಲಂಬಾಡಿ’ ಎಂದು ಬರೆಸಿದವರು 32 ಲಕ್ಷಕ್ಕೂ ಹೆಚ್ಚು. ಅವರಿಗೆ ಪ್ರತ್ಯೇಕ ಮನೆಯಿಲ್ಲ. ‘ಹಿಂದಿ’ ಎಂಬ ದೊಡ್ಡ ವಾಡೆಯ ಹಿತ್ತಿಲ ಕೋಣೆಯಲ್ಲಿ ಇದ್ದಾರೆ. ಕಬ್ಬು, ಕಲ್ಲು, ಸಂತೆ ಎಲ್ಲ ಸೇರಿ ಐದು ಭಾಷೆ ಕಲಿತವಳಿಗೆ, ಕಲಿಯದೇ ಬಂದ ಆರನೆಯದು ಇದು. ಆ ವಾಡೆ ಸಣ್ಣದಲ್ಲ. 2011ರಲ್ಲಿ ಹಿಂದಿಯವರು ಸುಮಾರು 52.8 ಕೋಟಿ, ಅಂದರೆ ಶೇ. 43.6. ಬಾಗಿಲು ತೆರೆದು ಒಳಗೆ ನೋಡಿದರೆ ‘ಹಿಂದಿ’ ಎಂದೇ ಬರೆಸಿದವರು 32 ಕೋಟಿ ಚಿಲ್ಲರೆ. ಪಡಸಾಲೆಯಲ್ಲಿ 5 ಕೋಟಿ ಭೋಜಪುರಿಯವರು, ಅಟ್ಟದ ಮೇಲೆ ರಾಜಸ್ಥಾನಿಯವರು, ಅಡುಗೆಮನೆಯಲ್ಲಿ ಛತ್ತೀಸಗಢಿ, ಮಗಹಿ, ಕುಮಾವೂನಿ, ಗಢವಾಲಿ. ಕೂಡುಕುಟುಂಬ ಎಂದರೆ ಇದು: ಒಲೆ ಹತ್ತಾರು, ರೇಷನ್ ಕಾರ್ಡು ಒಂದೇ, ಅದರ ಮೇಲೆ ಹಿರಿಯಣ್ಣನ ಫೋಟೋ. ಜಗಳವಾಡಿ ಪಾಲು ತೆಗೆದುಕೊಂಡು ಹೊರಬಿದ್ದವಳು ಮೈಥಿಲಿ. 2003ರ ತಿದ್ದುಪಡಿಯಲ್ಲಿ ಅನುಸೂಚಿ ಸೇರಿ ಬೇರೆ ಸಂಸಾರ ಹೂಡಿದಳು. 1991ರ ಗಣತಿಯಲ್ಲಿ ಅವಳೂ ಹಿಂದಿಯೇ. ನಾಲಿಗೆ ಬದಲಾಗಲಿಲ್ಲ, ಪಟ್ಟಿ ಬದಲಾಯಿತು.

ಇಷ್ಟು ಓದಿ ಕನ್ನಡದ ಓದುಗರು ಮೀಸೆ ತಿರುವುತ್ತಿರಬಹುದು. ಸ್ವಲ್ಪ ತಡೆಯಿರಿ, ನಮ್ಮ ರೇಷನ್ ಕಾರ್ಡೂ ಒಮ್ಮೆ ತೆಗೆದು ನೋಡೋಣ. ಕನ್ನಡಿಗರು 4.37 ಕೋಟಿ ಎಂಬ ಲೆಕ್ಕದೊಳಗೆ ನೀಲಗಿರಿಯ ಬಡಗರೂ ಇದ್ದಾರೆ. ನಮ್ಮದು ಬೇರೆ ಭಾಷೆ ಎಂದು ಅವರು ಹೇಳುತ್ತಲೇ ಇರುತ್ತಾರೆ; ನಮಗೆ ಮಾತ್ರ ಕೇಳಿಸುವುದಿಲ್ಲ. ಬೆಟ್ಟ ದೂರ, ಗಾಳಿ ಜಾಸ್ತಿ. ಕೊಡಗಿನ ಯರವರು ಮಲಯಾಳದ ಖಾತೆಯಲ್ಲಿದ್ದಾರೆ. ದೆಹಲಿ ನಮ್ಮನ್ನು ನುಂಗಿತು ಎಂದು ಬೆಳಗ್ಗೆ ಘೋಷಣೆ ಕೂಗಿ, ಮಧ್ಯಾಹ್ನ ನಾವು ನುಂಗಿದ್ದನ್ನು ಜೀರ್ಣಿಸಿಕೊಳ್ಳುವ ಶಕ್ತಿ ನಮಗೂ ಇದೆ.

ಎಂಟನೇ ಅನುಸೂಚಿಯ ಕುರ್ಚಿಗಳ ಕಥೆ ಇನ್ನೂ ಮಜಾ. ಆರಂಭದಲ್ಲಿ 14 ಇದ್ದವು. 1967ರಲ್ಲಿ ಸಿಂಧಿ ಬಂತು, 1992ರಲ್ಲಿ ಕೊಂಕಣಿ, ಮಣಿಪುರಿ, ನೇಪಾಳಿ, 2003ರಲ್ಲಿ ಮೈಥಿಲಿಯ ಜೊತೆ ಬೋಡೋ, ಸಂತಾಲಿ, ಡೋಗ್ರಿ. ಹೊರಗೆ ಇನ್ನೂ 38 ಭಾಷೆಗಳು ಅರ್ಜಿ ಹಿಡಿದು ನಿಂತಿವೆ. ಒಳಗೆ ಹೋಗಲು ಏನು ಅರ್ಹತೆ ಬೇಕು ಎಂದು ಕೇಳಿದರೆ, ನಿಶ್ಚಿತ ಮಾನದಂಡವೇನೂ ಇಲ್ಲ ಎಂಬುದು ಸರ್ಕಾರದ ಉತ್ತರ. ಮಾನದಂಡ ಹುಡುಕಲು 1996ರಲ್ಲಿ ಪಾಹ್ವಾ ಸಮಿತಿ ಕೂತು ಎದ್ದಿತು, 2003ರಲ್ಲಿ ಸೀತಾಕಾಂತ ಮಹಾಪಾತ್ರ ಸಮಿತಿ ಕೂತು ಎದ್ದಿತು. ಮಾನದಂಡ ಮಾತ್ರ ಮಲಗಿದ್ದಲ್ಲೇ ಮಲಗಿದೆ. ಅಲ್ಲಿಯವರೆಗೆ 18 ಲಕ್ಷಕ್ಕೂ ಮೀರಿದ ತುಳುವರು ಹೊರಗೆ, 24,821 ಮಂದಿಯ ಸಂಸ್ಕೃತ ಒಳಗೆ. ಒಂದು ಕೋಟಿ ದಾಟಿದ ಭೀಲಿಯೂ ಹೊರಗೇ. ಸಂಸ್ಕೃತದ ಮೇಲೆ ನನಗೇನೂ ಹಗೆಯಿಲ್ಲ. ಒಳಗೆ ಇರಲಿ, ಹಿರಿಯರು. ಆದರೆ ತುಳುವರು ಇನ್ನೂ ಎಷ್ಟು ಮಕ್ಕಳನ್ನು ಹೆರಬೇಕು ಎಂಬುದನ್ನಾದರೂ ಯಾರಾದರೂ ಬರೆದು ಕೊಡಬೇಕು.

ಕುರ್ಚಿ ಸಿಕ್ಕರೂ ಊಟ ಸಿಗುತ್ತದೆ ಎಂದೇನಿಲ್ಲ. ಜೇಬಿನಲ್ಲಿರುವ ನೋಟನ್ನು ತಿರುಗಿಸಿ ನೋಡಿ. ಅಲ್ಲಿ ಸಾಲಾಗಿ 15 ಭಾಷೆಗಳಿವೆ, ಹಿಂದಿ ಮತ್ತು ಇಂಗ್ಲಿಷ್ ಬೇರೆ. ಸಂತಾಲಿ, ಬೋಡೋ, ಡೋಗ್ರಿ, ಮೈಥಿಲಿ, ಮಣಿಪುರಿ, ಸಿಂಧಿ ಅನುಸೂಚಿಯಲ್ಲಿ ಇದ್ದರೂ ನೋಟಿನಲ್ಲಿ ಇಲ್ಲ. ಇರುವ ಅಕ್ಷರಗಳನ್ನು ಓದಲು ಬೂತಗನ್ನಡಿ ಬೇಕು, ಅದು ಇನ್ನೊಂದು ಕಥೆ.

ಇನ್ನು 10,000ದ ಗೆರೆ. ಅದರ ಕೆಳಗಿನವರ ಭಾಷೆಗೆ ಪ್ರಕಟವಾಗುವ ಪಟ್ಟಿಯಲ್ಲಿ ಹೆಸರಿಲ್ಲ. 9,999 ಜನ ಸೇರಿ ಒಂದು ಭಾಷೆಯಲ್ಲಿ ಅತ್ತರೆ ಅದು ಶಬ್ದ; ಇನ್ನೊಬ್ಬ ಬಂದು ಸೇರಿಕೊಂಡರೆ ಭಾಷೆ. ಅಂಡಮಾನಿನ ‘ಬೋ’ ಭಾಷೆಯ ಕೊನೆಯ ಅಜ್ಜಿ 2010ರ ಜನವರಿಯಲ್ಲಿ ತೀರಿಕೊಂಡಳು. ಗಣತಿಗೆ ಒಂದು ವರ್ಷ ಮೊದಲೇ ಹೋಗಿ, ಒಬ್ಬಳನ್ನು ಯಾವ ಚೀಲಕ್ಕೆ ಹಾಕುವುದು ಎಂಬ ಕಷ್ಟವನ್ನು ಇಲಾಖೆಗೆ ತಪ್ಪಿಸಿದಳು.

ಯಾಡಿಯನ್ನು ಮತ್ತೆ ನೋಡಿದ್ದು ಪೇಟೆಯ ಒಂದು ಬ್ಯಾಂಕಿನಲ್ಲಿ. ನಾನಾಗ ನಿವೃತ್ತ. ಗೋಡೆಯ ಮೇಲೆ ‘ಇಂದಿನ ಶಬ್ದ’ ಎಂದು ಒಂದು ಹಿಂದಿ ಪದ, ಪಕ್ಕದಲ್ಲಿ ಅದರ ಇಂಗ್ಲಿಷ್ ಅರ್ಥ. ಕೌಂಟರಿನ ಹುಡುಗ ಹೊಸಬ, ದೂರದ ರಾಜ್ಯದವನು, ಪಾಪ ಒಳ್ಳೆಯವನೇ. ಚೀಟಿ ಮುಂದೆ ತಳ್ಳಿ ಹಿಂದಿಯಲ್ಲಿ ಏನೋ ಕೇಳಿದ. ಯಾಡಿ ಗೋರಮಾಟಿಯಲ್ಲಿ ಅಂದಳು, ಕನ್ನಡದಲ್ಲಿ ಅಂದಳು, ಮರಾಠಿಯಲ್ಲಿ ಅಂದಳು. ಕೊನೆಗೆ ನನ್ನ ಕಡೆ ತಿರುಗಿ, ‘ಈ ತಮ್ಮಗ ಒಂದೂ ಭಾಷಾ ಬರಂಗಿಲ್ಲ ನೋಡ್ರಿ ಮಾಸ್ತರ’ ಎಂದಳು. ನಾನು ಸುಮ್ಮನಿದ್ದೆ. ಬ್ಯಾಂಕಿನವರದು ಏನು ತಪ್ಪು? ದಾಖಲೆಯ ಪ್ರಕಾರ ಅವರು ಗ್ರಾಹಕಳ ಮಾತೃಭಾಷೆಯಲ್ಲೇ ಸೇವೆ ಕೊಡುತ್ತಿದ್ದರು.

ಅವಳ ಮೊಮ್ಮಗಳು ಪೇಟೆಯ ಶಾಲೆಗೆ ಸೇರಿದ್ದಳು. 2019ರ ಆಗಸ್ಟ್ 15ಕ್ಕೆ ‘ವಿವಿಧತೆಯಲ್ಲಿ ಏಕತೆ’ ರೂಪಕ. ಹಳೇ ಮೇಷ್ಟ್ರು ಎಂದು ನನಗೂ ಕರೆ ಬಂತು. ಹೋದಾಗ ಹಿಂದಿನ ಕೋಣೆಯಲ್ಲಿ ರಾಜ್ಯಗಳ ಹಂಚಿಕೆ ನಡೆದಿತ್ತು. ಒಂದು ಮಗು ಕೇರಳ, ಒಂದು ನಾಗಾಲ್ಯಾಂಡು. ನಾಗಾಲ್ಯಾಂಡಿಗೆ ಕೋಳಿಪುಕ್ಕ ಅಂಟಿಸುತ್ತಿದ್ದರು. ಯಾಡಿಯ ಮೊಮ್ಮಗಳಿಗೆ ಬಂದದ್ದು ಪಂಜಾಬು.

‘ಈಕಿ ಲಂಬಾಣಿ ಹುಡುಗಿ, ಲಂಬಾಣಿ ವೇಷಾನೇ ಕೊಡಬಹುದಿತ್ತಲ್ರೀ?’ ಎಂದೆ.

‘ಸರ್, ಈಕಿ ಎತ್ತರ ಅದಾಳ, ಪಗಡಿ ಛಲೋ ಒಪ್ತದ. ಲಂಬಾಣಿಗೆ ಕೆಂಪಗಿರೋ ಹುಡುಗಿ ಬೇಕಾಗಿತ್ತು.’

ಕೆಂಪಗಿರುವ ಹುಡುಗಿಗೆ ಬಾಡಿಗೆ ಅಂಗಡಿಯಿಂದ ತಂದ ಲಂಬಾಣಿ ಡ್ರೆಸ್ಸು ಹಾಕಿದ್ದರು. ಕನ್ನಡಿಯೆಲ್ಲ ಪ್ಲಾಸ್ಟಿಕ್ಕು, ಗಮ್ಮಿನಿಂದ ಅಂಟಿಸಿದ್ದು. ಆಗಲೇ ಮೂರು ಉದುರಿದ್ದವು. ಅಸಲಿ ಪೇಟಿಯಾ, ಕಾಂಚಳಿ ತೊಟ್ಟ ಯಾಡಿ ಹೊರಗೆ ಮೂರನೇ ಸಾಲಿನ ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದ ಪಾಲಕರೊಬ್ಬರು, ‘ಅಜ್ಜೀದೂ ಪ್ರೋಗ್ರಾಮ್ ಐತೇನ್ರೀ?’ ಎಂದು ನನ್ನನ್ನು ಕೇಳಿದರು.

ಮುಖ್ಯ ಅತಿಥಿಗಳು 19,569ರಿಂದ ಶುರು ಮಾಡಿ ಮುಕ್ಕಾಲು ಗಂಟೆಗೆ ಮುಗಿಸಿದರು. ಆಮೇಲೆ ರಾಜ್ಯಗಳು ಒಂದೊಂದಾಗಿ ವೇದಿಕೆ ಹತ್ತಿದವು. ಪಂಜಾಬು ಪಗಡಿ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡೇ ಕುಣಿಯಿತು. ಕಡೆಗೆ ಬಂದಳು ಬಾಡಿಗೆಯ ಲಂಬಾಣಿ. ಮೈಕಿನ ಮುಂದೆ ನಿಂತು, ಬಾಯಿಪಾಠ ಮಾಡಿದ್ದನ್ನು ಗಟ್ಟಿಯಾಗಿ ಒಪ್ಪಿಸಿದಳು:

‘ಹಮ್ ಬಂಜಾರಾ ಹೈಂ. ಯಹ್ ಹಮಾರೀ ಭಾಷಾ ಹೈ.’

ಭರ್ತಿ ಚಪ್ಪಾಳೆ. ಯಾಡಿಯೂ ತಟ್ಟಿದಳು, ಬಳೆಗಳೆಲ್ಲ ಸದ್ದು ಮಾಡಿದವು. ಆಮೇಲೆ ಮುಂದಕ್ಕೆ ಬಾಗಿ ನನ್ನ ಹೆಗಲು ಮುಟ್ಟಿದಳು.

‘ಏನಂದ್ಲು ಮಾಸ್ತರ ಅಕಿ?’

ನಾನು ಕನ್ನಡದಲ್ಲಿ ತಿಳಿಸಿ ಹೇಳಿದೆ.