ಯಾವ ಎಕ್ಸಾಮಿಗೂ ಅಲ್ಲ, ಸುಮ್ನೆ

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ರೈಲಿನಲ್ಲಿ ನನ್ನೆದುರು ಕೂತಿದ್ದ ಹುಡುಗಿ ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಒಂದು ಪುಸ್ತಕ ಓದುತ್ತಿದ್ದಳು. ಪಕ್ಕದವರು ಬಗ್ಗಿ ನೋಡಿ, "ಯಾವ ಎಕ್ಸಾಮಿಗಮ್ಮಾ?" ಅಂದರು. "ಯಾವುದಕ್ಕೂ ಅಲ್ಲ ಅಂಕಲ್, ಸುಮ್ನೆ." "ಮತ್ಯಾಕೆ ಟೈಮ್ ವೇಸ್ಟ್ ಮಾಡ್ತೀಯಾ?" ಅವಳು ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿಬಿಟ್ಟಳು.

ಕೈಯಲ್ಲಿ ಕಾದಂಬರಿ ಇದ್ದಿದ್ದರೆ ಅವರು ಹೀಗೆ ಕೇಳುತ್ತಿದ್ದರಾ? ಗಣಿತ ಅಂದ ಕೂಡಲೇ ಮಾರ್ಕ್ಸ್ ಯಾಕೆ ನೆನಪಾಗಬೇಕು?

ನನ್ನ ಗಣಿತದ ಕಥೆ ನಿಮಗೆ ಗೊತ್ತೇ ಇದೆ. ಶಾಲೆಯಲ್ಲಿ ಬೋರ್ಡಿನ ಹತ್ತಿರ ಕರೆದರೆ ಕೈ ನಡುಗುತ್ತಿತ್ತು. ಪರೀಕ್ಷೆಗಳೆಲ್ಲ ಮುಗಿದ ಎಷ್ಟೋ ವರ್ಷಗಳ ಮೇಲೆ, ಅವಿಭಾಜ್ಯ ಸಂಖ್ಯೆಗಳಿಗೆ (1 ಮತ್ತು ತನ್ನಿಂದ ಮಾತ್ರ ಭಾಗವಾಗುವ ಸಂಖ್ಯೆಗಳಿಗೆ) ಕೊನೆಯೇ ಇಲ್ಲ ಅನ್ನುವ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ ವಾದ ಓದಿದೆ. ನಿಮಗೆ ಗೊತ್ತಿರುವ ಅವಿಭಾಜ್ಯ ಸಂಖ್ಯೆಗಳನ್ನೆಲ್ಲ ಗುಣಿಸಿ, ಒಂದು ಕೂಡಿಸಿ. ಬಂದದ್ದನ್ನು ಅವುಗಳಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ. ಅಂದರೆ ನಿಮ್ಮ ಪಟ್ಟಿಯಲ್ಲಿ ಇಲ್ಲದ ಅವಿಭಾಜ್ಯ ಸಂಖ್ಯೆ ಇನ್ನೊಂದು ಇರಲೇಬೇಕು. ಪಟ್ಟಿ ಎಷ್ಟೇ ಉದ್ದವಿರಲಿ, ಹೀಗೇ. ಅಷ್ಟೇ ವಾದ! 2300 ವರ್ಷ ಹಳೆಯದು. ಓದಿದ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ಯಾವ ಎಕ್ಸಾಮೂ ನನಗೆ ಇದನ್ನು ಕೊಟ್ಟಿರಲಿಲ್ಲ.

ಮಾರ್ಜರಿ ರೈಸ್ ಬಗ್ಗೆ ಹೇಳಲೇಬೇಕು. ಅಮೆರಿಕದ ಗೃಹಿಣಿ, ಗಣಿತ ಕಲಿತದ್ದು ಹೈಸ್ಕೂಲಿನವರೆಗೆ ಮಾತ್ರ. ಎಂಥ ಐದು ಬದಿಯ ಆಕೃತಿಗಳನ್ನು ನೆಲದ ಮೇಲೆ ಸಂದಿಲ್ಲದಂತೆ ಹಾಸಬಹುದು ಅಂತ 1975ರಲ್ಲಿ ಗಣಿತದ ಅಂಕಣಕಾರ ಮಾರ್ಟಿನ್ ಗಾರ್ಡ್ನರ್ ಪತ್ರಿಕೆಯೊಂದರಲ್ಲಿ ಬರೆದಿದ್ದರು. ಆ ಪತ್ರಿಕೆ ಮನೆಗೆ ಬರುತ್ತಿದ್ದದ್ದು ಮಗನಿಗಾಗಿ. ಓದಿದ್ದು ಅಮ್ಮ. ಅಡುಗೆಮನೆಯಲ್ಲೇ ಚಿತ್ರ ಬಿಡಿಸುತ್ತಾ, ತನ್ನದೇ ಗುರುತುಗಳನ್ನು ಮಾಡಿಕೊಂಡು, 1977ರ ಹೊತ್ತಿಗೆ ಯಾರಿಗೂ ಗೊತ್ತಿಲ್ಲದ 4 ಹೊಸ ಬಗೆಗಳನ್ನು ಕಂಡುಹಿಡಿದರು. ಆಕೆಯನ್ನು ಯಾರಾದರೂ "ಯಾವ ಎಕ್ಸಾಮಿಗೆ?" ಅಂತ ಕೇಳಿ ಕೂರಿಸಿಬಿಟ್ಟಿದ್ದರೆ?

"ಲೆಕ್ಕ ಮಾಡದೆ ಬರೀ ಓದಿದರೆ ಗಣಿತ ಬರುತ್ತಾ?" ಅನ್ನುವವರೂ ಇದ್ದಾರೆ. ಓದಿ ನೋಡಿ ಸ್ವಾಮಿ, ಆಮೇಲೆ ಹೇಳಿ. ಕ್ಯೋನಿಗ್ಸ್‌ಬರ್ಗ್ ಊರಿನಲ್ಲಿ ಆಗ ಇದ್ದ 7 ಸೇತುವೆಗಳನ್ನು ಒಂದೊಂದೇ ಸಲ ದಾಟಿ ಎಲ್ಲವನ್ನೂ ಮುಗಿಸಲು ಆಗುತ್ತಾ ಅನ್ನೋ ಪ್ರಶ್ನೆ ಓದಿದವರು ಪೆನ್ನು ಹುಡುಕದೆ ಇರುವುದಿಲ್ಲ. ಆಗುವುದಿಲ್ಲ ಅಂತ ಗಣಿತಜ್ಞ ಆಯ್ಲರ್ 1736ರಲ್ಲೇ ಹೇಳಿಯಾಗಿದೆ. ಆದರೂ ನಾವೇ ಗೆರೆ ಎಳೆದು ಸೋಲಬೇಕು ಅನಿಸುತ್ತದೆ. ಆಮೇಲೆ ಅವನು ಕೊಡುವ ಕಾರಣ ಇದೆಯಲ್ಲ, ಅದು ಆಗ ರುಚಿಸುತ್ತದೆ. ನದಿ ಬೇರೆ ಮಾಡಿದ್ದ ಅಲ್ಲಿನ ನಾಲ್ಕೂ ನೆಲದ ತುಂಡುಗಳಿಗೆ ಸೇರುತ್ತಿದ್ದ ಸೇತುವೆಗಳು ಬೆಸ ಸಂಖ್ಯೆಯವು. ಒಂದು ತುಂಡಿಗೆ ಬರಲು ಒಂದು ಸೇತುವೆ, ಹೋಗಲು ಇನ್ನೊಂದು ಬೇಕು. ಬೆಸ ಇದ್ದರೆ ನಡಿಗೆ ಅಲ್ಲೇ ಶುರುವಾಗಬೇಕು, ಇಲ್ಲ ಅಲ್ಲೇ ಮುಗಿಯಬೇಕು. ಅಂಥ ತುಂಡು ಎರಡಕ್ಕಿಂತ ಹೆಚ್ಚು ಇದ್ದರೆ ಆಗುವುದೇ ಇಲ್ಲ. ಇನ್ನು ಪೆನ್ನು ಮುಟ್ಟದೆ ಬರೀ ಓದಿ ಖುಷಿಪಟ್ಟರೂ ಯಾರ ಗಂಟೇನು ಹೋಯಿತು?

ಹುಡುಗಿ ಇಳಿಯುವಾಗ ಪುಸ್ತಕದ ಹೆಸರು ಕೇಳಿ ಬರೆದುಕೊಂಡೆ. ಅದನ್ನು ಆಮೇಲೆ ಓದುತ್ತೇನೆ. ಸದ್ಯ ಗಣಿತಜ್ಞ ಕ್ಯಾಂಟರ್‌ನ ಹತ್ತಿರ ಸಿಕ್ಕಿಕೊಂಡಿದ್ದೇನೆ. 1, 2, 3 ಅಂತ ಎಣಿಸುವ ಅನಂತಕ್ಕಿಂತ ಒಂದು ಪುಟ್ಟ ಗೆರೆಯ ಮೇಲಿನ ಬಿಂದುಗಳ ಅನಂತವೇ ದೊಡ್ಡದಂತೆ. ವಾದ ಅರ್ಥವಾಗಿದೆ, ಮನಸ್ಸು ಇನ್ನೂ ಒಪ್ಪಿಲ್ಲ. ನಿಮ್ಮಲ್ಲಿ ಯಾರಾದರೂ ಓದಿದ್ದರೆ ಫೋನ್ ಮಾಡಿ, ಜಾಸ್ತಿ ಹೊತ್ತು ಮಾತಾಡೋದಿದೆ.